ಸಣ್ಣ ಕ್ಯಾಸೆಟ್ಟಿನೊಳಗಿನ ಜೋಗುಳ

ಗೋವಾದ ಚಿಂಬಲ್ಲಿನ ಗುಡ್ಡದ ಮಗ್ಗುಲಿನ ಓಣಿಗೆ ಮಿಲೋರಾ ಕಂಪನಿಯ, ಮಾತು ತುಂಬಿಕೊಂಡು ಕೇಳಿಸುವ ಮಶೀನನ್ನು ಮೊದಲು ತಂದವನು ಗೌಂಡಿ ಭರಮಪ್ಪ. ಎಂಬತ್ತನಾಲ್ಕರ ದೀಪಾವಳಿಯ ಹೊತ್ತು ಅದು. ಪಣಜಿ ಮಾರ್ಕೆಟ್ಟಿನ ಸಾವಳೊ ಶೇಟ್ ಅಂಗಡಿಯ ಗಾಜಿನೊಳಗೆ ಅದನ್ನು ಕಂಡಾಗ ಅವನ ಮನಸ್ಸು ಸೋತದ್ದು ಮಶೀನಿಗಿಂತ ಹೆಚ್ಚಾಗಿ ಅದರ ಕ್ಯಾಸೆಟ್ಟಿಗೆ. ಕಡ್ಡಿಪೆಟ್ಟಿಗೆಯಷ್ಟು ಸಣ್ಣದು. ಗದಗದ ಬಸ್ಸು ಹತ್ತುವ ಯಾರದೇ ಎಲೆ-ಅಡಿಕೆ ಸಂಚಿಯಲ್ಲಿ ಹಾಕಿ ಕಳಿಸಿದರೂ ಊರು ಮುಟ್ಟುವಂಥದ್ದು.

ಅಲ್ಲಿಯವರೆಗೆ ಊರಿಗೆ ಸುದ್ದಿ ಕಳಿಸುವುದೆಂದರೆ ಒಂದು ಪಜೀತಿ. ಇಲ್ಲಿ ಬರೆಯಲು ಒಬ್ಬರ ಕಾಲು ಹಿಡಿಯಬೇಕು, ಅಲ್ಲಿ ಓದಲು ಇನ್ನೊಬ್ಬರ ಕಾಲು. ಗಂಡ ಹೆಂಡತಿಗೆ ಹೇಳಿದ ಮಾತನ್ನು ಮೊದಲು ಓದಿದವನು ಅಗಸಿಯ ಕಟ್ಟೆಗೆಲ್ಲ ಹಂಚಿ ಬಂದಿರುತ್ತಿದ್ದ. ಭರಮಪ್ಪ ಜೋಡಿ ಮಶೀನು ಕೊಂಡ. ಒಂದು ತನಗೆ, ಒಂದು ರೋಣದ ಹತ್ತಿರದ ಊರಿನಲ್ಲಿದ್ದ ತಾಯಿ ಹುಲಿಗೆವ್ವನಿಗೆ.

ಅದನ್ನು ನೋಡಿ ಓಣಿಯವರೆಲ್ಲ ಒಬ್ಬರ ಹಿಂದೊಬ್ಬರು ಅದೇ ಅಂಗಡಿಯ ಮೆಟ್ಟಿಲು ಹತ್ತಿದರು. ಕಲಂಗುಟ್ ಬೀಚಿನಲ್ಲಿ ಕನ್ನಡಿ ಕೂಡಿಸಿದ ಚೀಲ ಮಾರುವ ಲಂಬಾಣಿ ಫೂಲಿಬಾಯಿ ಮಾತ್ರ ಒಮ್ಮೆ ಅನುಮಾನ ಮಾಡಿದಳು.

“ಭರಮಣ್ಣ, ದೊಡ್ಡ ಕ್ಯಾಸೆಟ್ಟಿನ ಮಶೀನು ಅಗ್ಗ ಐತಂತ. ಅದನ್ನ ತಗೊಳ್ಳೇನು?”

“ತಗೋ ಫೂಲಕ್ಕ, ಬ್ಯಾಡ ಅನ್ನೋರ್ಯಾರು? ಆದ್ರ ನೀ ಕಳಿಸಿದ್ದನ್ನ ನಿಮ್ಮ ತಾಂಡಾದೋರು ಎದರಾಗ ಹಾಕಿ ಕೇಳ್ತಾರ? ಬೆಲ್ಲದ ಗಡಿಗ್ಯಾಗ?”

ಹೌದಲ್ಲ! ತಾಂಡಾದಲ್ಲಿ ಆಗಲೇ ಒಬ್ಬರ ಮನೆಗೆ ಮಿಲೋರಾ ಬಂದಿತ್ತು. ಊರಲ್ಲಿ ಇರುವುದು ಅದೇ ಅಂದಮೇಲೆ ಇಲ್ಲಿ ಕೊಳ್ಳಬೇಕಾದದ್ದೂ ಅದೇ. ಇಲ್ಲಿ ಎಲ್ಲರ ಹತ್ತಿರ ಅದೇ ಅಂದಮೇಲೆ ಊರಲ್ಲಿ ಹೊಸದಾಗಿ ಕೊಳ್ಳುವವರಿಗೂ ಅದೇ. ಎತ್ತು ನೊಗಕ್ಕೆ ತಾನೇ ಕೊರಳು ಕೊಟ್ಟ ಹಾಗೆ, ಎರಡು ವರ್ಷದೊಳಗೆ ಓಣಿಗೆ ಓಣಿಯೇ ಸಣ್ಣ ಕ್ಯಾಸೆಟ್ಟಿನ ಮಾತಿಗೆ ಬಿತ್ತು. ಆಮೇಲೆ ಕ್ಯಾಸೆಟ್ಟಿನ ಬೆಲೆ ಏರತೊಡಗಿತು. ಆ ಅಂಗಡಿ ಬಿಟ್ಟರೆ ಗೋವಾದಲ್ಲೇ ಇನ್ನೆಲ್ಲೂ ಅದು ಸಿಗುತ್ತಿರಲಿಲ್ಲ. ಜನ ಹಳೆಯ ಸುದ್ದಿಯ ಮೇಲೇ ಹೊಸ ಸುದ್ದಿ ತುಂಬಿ ಕಳಿಸತೊಡಗಿದರು. ಒಬ್ಬರ ಮದುವೆಯ ಮಾತನ್ನು ಎಮ್ಮೆ ಈದ ಸುದ್ದಿ ಅಳಿಸಿಹಾಕಿತು, ಅದನ್ನು ಇನ್ನಾರದೋ ಜಗಳ ಅಳಿಸಿತು.

ಭರಮಪ್ಪ ಅಳಿಸದೆ ಇಟ್ಟುಕೊಂಡದ್ದು ಒಂದೇ ಒಂದು. ಮಶೀನು ಊರು ಮುಟ್ಟಿದ ವಾರ ಹುಲಿಗೆವ್ವ ಮೊದಲ ಸಲ ಗುಂಡಿ ಒತ್ತಿ, “ಡಬ್ಬಿ ಜೋಡಿ ಏನ ಮಾತಾಡ್ಲೋ ಯಪ್ಪಾ, ನಾಚಿಕಿ ಬರ್ತೈತಿ” ಎಂದವಳೇ, ಮಾತು ತೋಚದೆ ಮನೆತನದ ಜೋಗುಳವನ್ನು ಹಾಡಿಬಿಟ್ಟಿದ್ದಳು. ಅವರ ಮನೆಯ ಬೇವಿನ ತೊಟ್ಟಿಲದ ಪದ ಅದು. ಆ ತೊಟ್ಟಿಲಲ್ಲಿ ಮಲಗಿ ಎದ್ದ ಒಂದೊಂದು ಕೂಸಿಗೂ ಅದರಲ್ಲಿ ಒಂದೊಂದು ನುಡಿ. ಮಗನ ಕೂಸಿರಲಿ, ಮಗಳ ಕೂಸಿರಲಿ, ಹೆಸರಿಡುವ ದಿನ ಹಿರಿಯರ ಹೆಸರೆಲ್ಲ ಹಾಡಿ ಕೊನೆಗೆ ಹೊಸ ಕೂಸಿನ ಹೆಸರು ಸೇರಿಸಿದರೆ ಮಾತ್ರ ಕೂಸು ಆ ಮನೆಯದು ಅನ್ನಿಸಿಕೊಳ್ಳುವುದು.

ಐತವಾರ ಉಂಡು ಕೈತೊಳೆದ ಮೇಲೆ ಭರಮಪ್ಪ ಅದನ್ನು ಹಾಕುತ್ತಿದ್ದ. ವಾರವಿಡೀ ಇಟ್ಟಿಗೆ, ಸಿಮೆಂಟು, ಕಂತ್ರಾಟದಾರನ ಬೈಗುಳ. ಐತವಾರ ಒಂದಿಷ್ಟು ಅವ್ವ. ತಗಡಿನ ಗೋಡೆಗಳ ಓಣಿಯಲ್ಲಿ ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರು ಸೀನುವಾಗ ಹಾಡು ಎಲ್ಲಿ ನಿಂತೀತು?

“ಶುರು ಆತಪಾ ಭರಮಣ್ಣಂದು. ಮೀಸಿ ಬೆಳ್ಳಗಾದ್ರೂ ತೊಟ್ಟಿಲಾ ಬಿಟ್ಟಿಳಿವಲ್ಲ!” ಎಂದು ಫೂಲಿಬಾಯಿಯ ಗಂಡ ಖೇಮಪ್ಪ ಚೇಷ್ಟೆ ಮಾಡುತ್ತಿದ್ದ. ಭರಮಪ್ಪ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ತೊಂಬತ್ಮೂರರಲ್ಲಿ ಅವನ ಮಗಳು ಕಸ್ತೂರೆವ್ವ ಚೊಚ್ಚಲ ಬಾಣಂತನಕ್ಕೆ ಚಿಂಬಲ್ಲಿಗೆ ಬಂದು ಹೆಣ್ಣು ಹೆತ್ತಳು. ಅಷ್ಟರಲ್ಲಿ ಹುಲಿಗೆವ್ವನೂ ಮಗನ ಮನೆಯಲ್ಲೇ ಇದ್ದಳು. ಹಿಂದಿನ ವರ್ಷ ಲಕ್ವಾ ಹೊಡೆದು ಬಲಗೈ, ಬಲಗಾಲು, ಮಾತು, ಮೂರೂ ಹೋಗಿದ್ದವು. ತಿಳಿಯುವುದು ಎಲ್ಲ ತಿಳಿಯುತ್ತಿತ್ತು, ಆಡಲು ನಾಲಗೆ ಇರಲಿಲ್ಲ. ಸೊಸೆ ಫಕೀರವ್ವ ಆ ಪದ ಹಾಡುವಂತಿರಲಿಲ್ಲ. ಅತ್ತೆ ಇರುವ ತನಕ ಸೊಸೆ ಅದಕ್ಕೆ ಬಾಯಿ ಹಚ್ಚಬಾರದು. ಹಚ್ಚಿದರೆ ಅತ್ತೆಯ ಸಾವು ಬಯಸಿದ ಹಾಗೆ. ಹಾಗಾಗಿ ಮೊಮ್ಮಗಳ ಕೂಸಿನ ತೊಟ್ಟಿಲ ಕಾರ್ಯಕ್ಕೆ ಆ ಸಣ್ಣ ಕ್ಯಾಸೆಟ್ಟೇ ಗತಿ.

ತೊಟ್ಟಿಲ ಕಾರ್ಯಕ್ಕೆ ವಾರ ಇರುವಾಗ ಮಶೀನು ಕೈಕೊಟ್ಟಿತು. ಗುಂಡಿ ಒತ್ತಿದರೆ ಹುಲಿಗೆವ್ವನ ದನಿ ಗಂಡಸಿನದಾಗಿ, ಎಮ್ಮೆಯದಾಗಿ, ಮತ್ತೆ ಹೆಂಗಸಿನದಾಗಿ ಬಂತು. ಓಣಿಯ ಉಳಿದ ಮಿಲೋರಾಗಳೆಲ್ಲ, ಊರಿಗೆ ಕಳಿಸಿದ್ದ ಹುಲಿಗೆವ್ವನದೂ ಸೇರಿ, ಹೀಗೇ ಎಮ್ಮೆಯಾಗಿಯೇ ಸತ್ತಿದ್ದವು. ವಾರಕ್ಕೊಮ್ಮೆ ಮಾತ್ರ ದುಡಿದದ್ದಕ್ಕೆ ಭರಮಪ್ಪನದೊಂದು ಉಳಿದಿತ್ತು.

ಮರುದಿನ ಅವನು ಅರ್ಧ ಪಾಳಿ ಬಿಟ್ಟು, ಸಿಮೆಂಟಿನ ಅಂಗಿಯಲ್ಲೇ ಸಾವಳೊ ಶೇಟ್ ಎದುರು ನಿಂತ.

“ಯೋ ಯೋ ಭರಮಾ! ಬಾ, ಕೂಡು,” ಎಂದ ಶೇಟ್. ಕೊಂಕಣಿ, ಹಿಂದಿ, ಕನ್ನಡ ಕಲಸಿದ ಮಾರ್ಕೆಟ್ಟಿನ ಮಾತು ಅವನದು.

“ಶೇಟ್ರ, ಇದರ ಬೆಲ್ಟ್ ಬೇಕಾಗಿತ್ರಿ.”

“ಬೆಲ್ಟ್ ಬಂದ್.”

“ಸಣ್ಣ ಕ್ಯಾಸೆಟ್?”

“ತೇಂ ಬೀ, ಅದೂ ಬಂದ್.”

“ಮತ್ತ ಏನ ಚಾಲೂ ಐತ್ರಿ?”

“ನವಾ ಮಾಡೆಲ್!” ಶೇಟ್ ಗಾಜಿನ ಕಪಾಟಿನಿಂದ ಬೆಳ್ಳನೆಯ ಮಶೀನು ತೆಗೆದ. ಅದರ ಕ್ಯಾಸೆಟ್ಟೂ ಸಣ್ಣದೇ. ಆದರೆ ಒಂದು ಮೂಲೆ ಕತ್ತರಿಸಿದ ಹಾಗಿತ್ತು. ಭರಮಪ್ಪ ತನ್ನದನ್ನು ಒಳಗಿಟ್ಟು ನೋಡಿದ. ಮುಚ್ಚಳ ಕೂಡಲಿಲ್ಲ.

“ಅಲ್ರಿ, ಅದ ಕಂಪನಿ, ಅದ ಹೆಸರು. ತಮ್ಮ ಕ್ಯಾಸೆಟ್ಟು ತಾವ ಒಲ್ಲೆ ಅಂದ್ರ ಹ್ಯಾಂಗ್ರಿ?”

“ಅದೇ ತರ ಮಾಡಿದಾರೆ ಬಾಬಾ. ಆದ್ರೆ ದಾರಿ ಉಂಟು. ನೀನು ಇದನ್ನು ತಗೋ. ಹಳೇ ಕ್ಯಾಸೆಟ್ ಬೊಂಬಾಯಿಗೆ ಕಳಿಸ್ತೇನೆ. ಕಂಪನಿಯವರು ಹಾಡು ತೆಗೆದು ಹೊಸದರಲ್ಲಿ ಹಾಕಿ ಕೊಡ್ತಾರೆ. ಎರಡು-ಮೂರು ತಿಂಗಳು ಹಿಡೀತದೆ.”

“ಆ ಹೊಸ ಕ್ಯಾಸೆಟ್ಟು ಬ್ಯಾರೆಯವರ ಮಶೀನಿನ್ಯಾಗ ಕೂಡತೈತೇನ್ರಿ?”

“ನಾ, ಕೂಡೋದಿಲ್ಲ.”

“ನಾಳೆ ಇದರ ಬೆಲ್ಟೂ ಬಂದ್ ಆದ್ರ?”

ಶೇಟ್ ಮೇಲೆ ನೋಡಿದ, ಆಮೇಲೆ ಬಾಗಿಲ ಕಡೆ ನೋಡಿದ, ಆಮೇಲೆ ದನಿ ಇಳಿಸಿದ. “ಭರಮಾ, ನನ್ನ ಹಾಡೂ ಅದೇ. ಬೇರೆ ಕಂಪನಿಯದೊಂದು ಡಬ್ಬಿ ಈ ಗಾಜಿನೊಳಗೆ ಇಟ್ಟೆ ಅಂದ್ರೆ ಮರುದಿವಸ ಏಜೆನ್ಸಿ ಗೆಲಿ, ಹೋಯ್ತು! ನೀನು ಗಿರಾಕಿಯಾಗಿ ಸಿಕ್ಕಿಬಿದ್ದೆ, ನಾನು ಅಂಗಡಿ ಇಟ್ಟು ಸಿಕ್ಕಿಬಿದ್ದೆ.”

ಭರಮಪ್ಪ ಬೆಳ್ಳನೆಯ ಮಶೀನನ್ನು ತಿರುವಿ ನೋಡಿದ. ಮೊನ್ನೆ ಮೊನ್ನೆಯವರೆಗೆ ಕಂಪನಿ ತನ್ನ ಹೊಸದನ್ನು ಎದುರಿಗಿಟ್ಟರೆ ಕೈ ಮುಗಿದು ಕೊಳ್ಳುತ್ತಿದ್ದನೇನೋ. ಈಗ ಅವನಿಗೆ ಬೇರೆಯೇ ಕಂಡಿತು. ಅವ್ವನನ್ನು ಒಂದು ಗೂಡಿನಿಂದ ತೆಗೆದು ಇನ್ನೊಂದು ಗೂಡಿಗೆ ಹಾಕುತ್ತಾರೆ, ಕೀಲಿ ಮಾತ್ರ ಅವರ ಉಡಿದಾರದಲ್ಲೇ ಉಳಿಯುತ್ತದೆ.

“ಬ್ಯಾಡ್ರಿ ಶೇಟ್ರ,” ಎಂದು ಎದ್ದ.

ಓಣಿಯ ಬಾಯಲ್ಲೇ ಮಾಶಾಬಿಯ ಮಗ ಅಬ್ದುಲಗನಿಯ ರೇಡಿಯೊ ರಿಪೇರಿ ಅಂಗಡಿ. ಅವನು ಮಶೀನನ್ನು ಬೋರಲು ಹಾಕಿ ನೋಡಿ ನಕ್ಕ.

“ಕಾಕಾ, ಈ ಸ್ಕ್ರೂ ನೋಡ್ರಿ. ಮೂರು ಮೂಲಿದು. ನನ್ನ ಹಂತ್ಯಾಕಿರೋ ಪೇಚಕಸ್ ಒಂದೂ ಕೂಡಂಗಿಲ್ಲ. ವಯರ್ ಚುಚ್ಚೋ ತೂತು ನೋಡಿದ್ರ ಅದೂ ಅವರದ ಅಳತಿ. ಅಳಿಯನ್ನ ಮನಿ ತುಂಬಿಸ್ಕೊಂಡು ಬಾಗಿಲಾ ಕಿತ್ತು ಗ್ವಾಡಿ ಕಟ್ಯಾರ.”

“ಗ್ವಾಡಿ ಕಟ್ಟೋದು ನನ್ನ ಕಸಬು. ಸಂದಿ ಇಲ್ಲದ ಗ್ವಾಡಿ ನಾ ಇನ್ನೂ ನೋಡಿಲ್ಲ. ಎಲ್ಲೈತಿ ಹೇಳು.”

ಅಬ್ದುಲಗನಿ ತಲೆ ಕೆರೆದುಕೊಂಡ. “ಸಂದಿ ಅಂದ್ರ ಒಂದ ಐತಿ. ಗಾಳಿ. ಸ್ಪೀಕರಿನಿಂದ ಹೊರಗ ಬಂದ ದನಿಗೆ ಯಾವ ಕಂಪನಿನೂ ಸ್ಕ್ರೂ ಹೊಡ್ಯಾಕ ಆಗಂಗಿಲ್ಲ. ಇದನ್ನ ಹಚ್ಚಿ ಇದರ ಎದುರಿಗೆ ನನ್ನ ದೊಡ್ಡ ಟೇಪ್ ಇಡೂಣು. ದೊಡ್ಡ ಕ್ಯಾಸೆಟ್ಟಿಗೆ ಬಂತಂದ್ರ ಯಾವ ಮಶೀನಿನ್ಯಾಗರ ಹಾಕ್ರಿ, ಯಾರೂ ಕೇಳಂಗಿಲ್ಲ.”

“ಇಷ್ಟನ?”

“ಇಷ್ಟನ ಅಂದ್ರ? ಟೇಪಿನ ಕಿವಿ ಭಾಳ ಚುರುಕು ಕಾಕಾ. ಅವ್ವಾರ ಹಾಡಿನ ಜೋಡಿ ನಮ್ಮ ಓಣಿ ಪೂರಾ ಬರ್ತೈತಿ. ನಳದ ಜಗಳ, ಕುಕ್ಕರಿನ ಸೀಟಿ, ಖೇಮಪ್ಪ ಕಾಕಾನ ಗೊರಕಿ...”

“ರಾತ್ರಿ ಮಾಡಿದ್ರ?”

“ರಾತ್ರಿ ಎಲ್ಲಾರ ಮನಿ ದೀಪ ಹತ್ತಿದ್ರ ಕರೆಂಟು ಕುಸೀತೈತಿ, ಅವ್ವಾರು ಮತ್ತ ಎಮ್ಮಿ ಆಗ್ತಾರ. ನಡುರಾತ್ರಿ ಅಂದ್ರ ನಾಯಿಗೋಳಿಗೆ ಯಾರು ಹೇಳಬೇಕು? ಐತವಾರ ಮಧ್ಯಾಹ್ನನ ಚಲೋ. ಇನ್ನೊಂದು ಮಾತು. ದನಿ ಕೇಳಿದ್ರ ಗೊತ್ತಾಗ್ತೈತಿ, ಬೆಲ್ಟ್ ಸೀಳೇತಿ. ಒಂದ ಸಲ ಓಡೀತು. ಎರಡನೇ ಸಲದ್ದು ನಾ ಹೇಳಂಗಿಲ್ಲ.”

ಐತವಾರ ಮಧ್ಯಾಹ್ನ ಚಿಂಬಲ್ಲಿನ ಓಣಿ ಸುಮ್ಮನಿರುವುದು! ಮುರ್ಮುಗಾಂವ್ ಬಂದರಿನ ಪಾಳಿಯವರು, ಕೊರ್ಲಿಮ್ ಕಾರಖಾನೆಯವರು, ಗೌಂಡಿಗಳು, ಬೀಚಿನವರು ಎಲ್ಲರೂ ಮನೆಯಲ್ಲಿರುವ ಒಂದೇ ಹೊತ್ತು ಅದು. ಬೈಯುವುದು, ನಗುವುದು, ಕುಡಿದು ಹಾಡುವುದು, ಹೊಡೆಸಿಕೊಂಡ ಮಕ್ಕಳು ಅಳುವುದು, ವಾರದ್ದೆಲ್ಲ ಆ ಹೊತ್ತಿಗೇ. ಭರಮಪ್ಪ ಮನೆಗೆ ಬಂದು ತಲೆಯ ಮೇಲೆ ಕೈಹೊತ್ತು ಕೂತ.

ಫಕೀರವ್ವ ಕೇಳಿದಳು, ಕೇಳಿ ಎದ್ದಳು. ಹಿತ್ತಾಳೆಯ ತಾಟಿನಲ್ಲಿ ಅರಿಷಿಣ, ಕುಂಕುಮ, ಎಲೆ, ಅಡಿಕೆ ಇಟ್ಟುಕೊಂಡಳು.

“ಎಲ್ಲಿ ಹೊಂಟಿ?”

“ಕಾರ್ಯಕ್ಕ ಕರ್ಯಾಕ. ಕರೀದ ಯಾರು ಬರ್ತಾರ್ರಿ?”

ಮನೆಮನೆಗೆ ಹೋದಳು. ಮುತ್ತೈದೆಯರಿಗೆ ಕುಂಕುಮ ಹಚ್ಚಿ, ಮಾಶಾಬಿಗೆ ಎಲೆ-ಅಡಿಕೆ ಕೊಟ್ಟು, ಮದುವೆಗೆ ಕರೆಯುವಷ್ಟೇ ಗಂಭೀರವಾಗಿ ಹೇಳಿದಳು: “ಐತವಾರ ಉಂಡ ಮ್ಯಾಲ ನಮ್ಮನ್ಯಾಗ ಕಾರ್ಯ ಐತ್ರಿ. ತಪ್ಪದ ಸುಮ್ಮನಿರಾಕ ಬರಬೇಕು.”

ಓಣಿ ಬಿದ್ದು ಬಿದ್ದು ನಕ್ಕಿತು. “ಊಟಕ್ಕ ಕರದಾರ, ಕುಣ್ಯಾಕ ಕರದಾರ. ಸುಮ್ಮನಿರಾಕ ಕರದೋಳು ನೀನ ಮೊದಲ್ನೇಕಿ,” ಎಂದಳು ಮಾಶಾಬಿ. “ಊರಿಗೆಲ್ಲಾ ಹೇಳಾಕತ್ತಿಯಲ್ಲ, ನಿನ್ನ ಗಂಡನ ಕೆಮ್ಮು ಏನ ಮಾಡ್ತಿ?” ಎಂದಳು ಫೂಲಿಬಾಯಿ. ಆದರೆ ಕುಂಕುಮ ಹಚ್ಚಿಸಿಕೊಂಡ ಮೇಲೆ ಕರೆಯನ್ನು ತಳ್ಳುವ ಹೆಂಗಸು ಆ ಓಣಿಯಲ್ಲಿ ಇರಲಿಲ್ಲ.

ಐತವಾರ ಬಂತು. ಉಂಡ ಗಂಗಾಳಗಳನ್ನು ತೊಳೆಯದೆ ನೀರಲ್ಲಿ ಮುಳುಗಿಸಿಟ್ಟರು. ಸ್ಟೋವುಗಳು ಆರಿದವು. ಖೇಮಪ್ಪ ನಿದ್ದೆ ಹೋದಾನೆಂದು ಅವನನ್ನು ಹೊಸ್ತಿಲ ಮೇಲೆ ಕೂಡಿಸಿ ಕೈಗೆ ಅವರೆಕಾಯಿ ಸುಲಿಯಲು ಕೊಟ್ಟರು. ಓಣಿಯ ಬಾಯಲ್ಲಿ, ಫೂಲಿಬಾಯಿಯ ಜೊತೆ ಬೀಚಿಗೆ ಹೋಗುವ ಧಾಮಿಬಾಯಿ ಕಾವಲು ನಿಂತಳು. ಪಾವ್ ಮಾರುವವನು ಸೈಕಲ್ ಏರಿ ಬಂದು ಹಾರ್ನಿನ ರಬ್ಬರಿಗೆ ಕೈ ಹಾಕುವಷ್ಟರಲ್ಲಿ ಆಕೆ ಅದನ್ನು ಮುಷ್ಟಿಯಲ್ಲಿ ಹಿಡಿದು, ಇನ್ನೊಂದು ಕೈಯ ಬೆರಳನ್ನು ತುಟಿಗೆ ಒತ್ತಿದಳು. ಯಾರಾದರೂ ತೀರಿಕೊಂಡರೇನೋ ಎಂದು ಅವನು ಟೋಪಿ ತೆಗೆದು ಶಿಲುಬೆಯ ಗುರುತು ಮಾಡಿಕೊಂಡು, ಸೈಕಲ್ ನೂಕುತ್ತ ಹೋದ.

ಒಳಗೆ, ಬೋರಲು ಹಾಕಿದ ಬುಟ್ಟಿಯ ಮೇಲೆ ಮಿಲೋರಾ. ಎದುರಿಗೆ ಅಬ್ದುಲಗನಿಯ ದೊಡ್ಡ ಟೇಪು. ಸುತ್ತ ಕೌದಿಯ ಮರೆ. ಹುಲಿಗೆವ್ವ ಗೋಡೆಗೆ ಒರಗಿದ್ದಳು. ಕಸ್ತೂರೆವ್ವ ಕೂಸು ಅಳದಿರಲೆಂದು ಮೊಲೆಗೆ ಹಾಕಿಕೊಂಡು ಕೂತಿದ್ದಳು. ಅಬ್ದುಲಗನಿ ಎರಡೂ ಗುಂಡಿ ಒತ್ತಿದ.

“ಡಬ್ಬಿ ಜೋಡಿ ಏನ ಮಾತಾಡ್ಲೋ ಯಪ್ಪಾ...”

ದನಿ ನೆಟ್ಟಗೆ ಬಂತು. ಭರಮಪ್ಪ ಬುಟ್ಟಿಯ ಹತ್ತಿರ ಬಾಗಿದ. ಒಂಬತ್ತು ವರ್ಷ ಕೇಳಿದ ಹಾಡು. ಆದರೆ ಅದರ ಹಿಂದೆ ಊರಿನ ಮನೆಯ ಎತ್ತಿನ ಗೆಜ್ಜೆ ಅಲುಗಿದ್ದು, ನುಡಿಗಳ ನಡುವೆ ಅವ್ವ ಉಗುಳು ನುಂಗಿದ್ದು, ಅವನಿಗೆ ಕೇಳಿದ್ದು ಅಂದೇ ಮೊದಲು. ಓಣಿ ಅಷ್ಟು ಸುಮ್ಮನಿತ್ತು. ಗೋವೆಯಲ್ಲಿ ಅವನು ಎಷ್ಟೋ ಗೋಡೆ ಎಬ್ಬಿಸಿದ್ದ, ಯಾವ ಗೋಡೆಯ ಮುಂದೆ ನಿಂತಾಗಲೂ ಎದೆ ಹೀಗೆ ಉಬ್ಬಿರಲಿಲ್ಲ. ಇಷ್ಟು ಮಂದಿ, ಇಷ್ಟು ಬಾಯಿ, ಎಲ್ಲವೂ ತನ್ನ ಅವ್ವನಿಗಾಗಿ ಮುಚ್ಚಿದ್ದವು.

“ಬೇವಿನ ತೊಟ್ಟಿಲಕ ಬೆನ್ನ ಕೊಟ್ಟವರ್ಯಾರ?
ಕಂಠೆಪ್ಪ ಮಲಗೆದ್ದ, ನೀ ಮಲಗ ನನ ಕಂದ...”

ಕಂಠೆಪ್ಪ ಭರಮಪ್ಪನ ಅಪ್ಪ. ಆ ನುಡಿ ಮುಗಿಯುತ್ತಿದ್ದ ಹಾಗೆ ಒಳಗೆ ‘ಪಟ್’ ಎಂದಿತು. ಬೆಲ್ಟು ಹರಿದಿತ್ತು. ಇನ್ನು ಬರಬೇಕಾದ ನುಡಿ ಭರಮಪ್ಪನದು, ಆಮೇಲೆ ಕಸ್ತೂರೆವ್ವನದು. ಅವೆರಡೂ ಇಲ್ಲದೆ ಕೂಸಿನ ಹೆಸರು ಯಾವುದಕ್ಕೆ ಜೋತುಬೀಳಬೇಕು?

ಅಬ್ದುಲಗನಿಯ ಕೈ ಟೇಪು ನಿಲ್ಲಿಸಲು ಹೋಯಿತು. ಹುಲಿಗೆವ್ವನ ಎಡಗೈ ಆ ಕೈಯನ್ನು ಹಿಡಿಯಿತು. ಹಿಡಿದು ಬಿಟ್ಟು, ತನ್ನ ತೊಡೆಯ ಮೇಲೆ ತಾಳ ಹಾಕತೊಡಗಿತು. ಆಕೆ ಫಕೀರವ್ವನನ್ನು ನೋಡಿದಳು. ಫಕೀರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆಯಾಡಿಸಿದಳು. ತನ್ನಿಂದ ಆಗದು.

ಆಗ ತಗಡಿನ ಆಚೆಯಿಂದ ಒಂದು ದನಿ ಎದ್ದಿತು. ಫೂಲಿಬಾಯಿ. ಮಶೀನಿನ ಉಸಿರು ನಿಂತದ್ದು ಆಕೆಗೂ ಕೇಳಿಸಿತ್ತು. ಲಂಬಾಣಿ ನಾಲಗೆಯ ಕನ್ನಡದಲ್ಲಿ, ಒಂದು ತಾಳವೂ ತಪ್ಪದೆ ಎತ್ತಿಕೊಂಡಳು:

“ಬೇವಿನ ತೊಟ್ಟಿಲಕ ಬೆನ್ನ ಕೊಟ್ಟವರ್ಯಾರ?
ಖೀರಪ್ಪ ಮಲಗೆದ್ದ, ನೀ ಮಲಗ ನನ ಕಂದ...”

ಭರಮಪ್ಪ ಬೆಚ್ಚಿದ. ಖೀರಪ್ಪ ಫೂಲಿಬಾಯಿಯ ಹಿರಿಯ ಮಗ! ಐತವಾರಗಳುದ್ದಕ್ಕೂ ಗೋಡೆಯಾಚೆ ಕೂತು ಈಕೆ ಇದೇ ಪದದಿಂದ ತನ್ನ ಮಕ್ಕಳನ್ನು ಮಲಗಿಸಿದ್ದಾಳೆ. ಹೆಸರಿನ ಜಾಗದಲ್ಲಿ ತನ್ನ ಮಕ್ಕಳ ಹೆಸರು ಕೂಡಿಸಿದ್ದಾಳೆ. ಬಾಯಿಗೆ ಬಂದದ್ದು ಅದೇ. ಆಕೆ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಎದುರು ಮನೆಯ ಮಾಶಾಬಿ:

“ಅಬ್ದುಲಗನಿ ಮಲಗೆದ್ದ, ನೀ ಮಲಗ ನನ ಕಂದ...”

ಹತ್ತು ವರ್ಷದವನಾಗಿದ್ದಾಗಲೂ ತಾಯಿ ಇದೇ ಪದ ಹಾಡಿ ಮಲಗಿಸಿದ್ದು ನೆನಪಾಗಿ, ಟೇಪಿನ ಮುಂದೆ ಕೂತಿದ್ದ ಅಬ್ದುಲಗನಿಯ ಕಿವಿ ಕೆಂಪಾದವು. ಕೆಟ್ಟಿತು ಎಲ್ಲ ಕೆಟ್ಟಿತು ಎಂದುಕೊಂಡ ಭರಮಪ್ಪ. ನಿಲ್ಲಿಸು ಎಂದು ಸನ್ನೆ ಮಾಡಲು ಕೈ ಎತ್ತಿದವನು ಅವ್ವನ ಮುಖ ನೋಡಿದ. ಹುಲಿಗೆವ್ವ ನಗುತ್ತಿದ್ದಳು. ಅರ್ಧ ಬಾಯಿಯ ನಗು, ಆದರೆ ಕಣ್ಣು ಎರಡೂ ನಗುತ್ತಿದ್ದವು. ಆಕೆ ಎಡಗೈ ಚಾಚಿ ಸೊಸೆಯ ಬಾಯಿಗೆ ಒತ್ತಿದ್ದ ಸೆರಗನ್ನು ಹಿಡಿದೆಳೆದಳು. ಗಲ್ಲ ಮುಟ್ಟಿ ಎರಡು ಸಲ ತಟ್ಟಿದಳು. ಹಾಡು.

ಫಕೀರವ್ವ ಇಪ್ಪತ್ತು ವರ್ಷಕ್ಕೂ ಮಿಕ್ಕಿ ನುಂಗಿಕೊಂಡಿದ್ದ ಪದ ಅದು. ಮೊದಲ ಅಕ್ಷರವನ್ನು ಎರಡು ಸಲ ಎತ್ತಿಕೊಂಡಳು. ಆಮೇಲೆ ಬಂತು. ಭರಮಪ್ಪ ಮಲಗೆದ್ದ. ಕಸ್ತೂರೆವ್ವ ಮಲಗೆದ್ದಳು. ಓಣಿಯ ಹೆಂಗಸರೆಲ್ಲ ತಮ್ಮ ತಮ್ಮ ಹೊಸ್ತಿಲಿನಿಂದಲೇ ‘ನೀ ಮಲಗ ನನ ಕಂದ’ಕ್ಕೆ ದನಿಗೂಡಿಸಿದರು. ಹೆಸರಿಡದ ಕೂಸಿನ ಹೆಸರು ಹೇಳಬಾರದೆಂದು ಫಕೀರವ್ವ ಅಲ್ಲಿಗೆ ನಿಲ್ಲಿಸಿದಳು. ಅಬ್ದುಲಗನಿ ಗುಂಡಿ ಒತ್ತಿದ. ಆ ಕ್ಷಣಕ್ಕೆ ಓಣಿ ಹೋ ಎಂದಿತು. ನಳದ ಹತ್ತಿರ ಅದಾಗಲೇ ಒಂದು ಜಗಳ ಹತ್ತಿತ್ತು.

ತೊಟ್ಟಿಲ ದಿನ ಆ ದೊಡ್ಡ ಕ್ಯಾಸೆಟ್ಟನ್ನು ಬಾಡಿಗೆ ಸ್ಪೀಕರಿಗೆ ಹಾಕಿದರು. ಹುಲಿಗೆವ್ವ ಹಾಡಿದಳು, ಫೂಲಿಬಾಯಿ ಹಾಡಿದಳು, ಮಾಶಾಬಿ, ಫಕೀರವ್ವ. ಕೊನೆಗೆ ಕ್ಯಾಸೆಟ್ಟು ನಿಂತಲ್ಲಿಂದ ಹೆಂಗಸರು ಬಾಯಲ್ಲೇ ಎತ್ತಿಕೊಂಡು ಗೌರವ್ವ ಎಂಬ ಹೆಸರನ್ನು ಕೂಡಿಸಿದರು. ಕಸ್ತೂರೆವ್ವನ ಗಂಡನ ಮನೆಯವರು ಬೀಗನನ್ನು ಕರೆದು, “ಎಷ್ಟ ದೊಡ್ಡ ಮನೆತನರೀ ನಿಮ್ಮದು!” ಎಂದರು. ಭರಮಪ್ಪ ಹೌದ್ರಿ ಎಂದ. ತಿದ್ದಲು ಹೋಗಲಿಲ್ಲ.

ಅಬ್ದುಲಗನಿ ಕೇಳಿದವರಿಗೆಲ್ಲ ಪ್ರತಿ ಮಾಡಿಕೊಟ್ಟ. ಒಬ್ಬರ ಮನೆಯಲ್ಲಿ ಬಂದರಿನಿಂದ ಬಂದ ಹಳೆಯ ಟೇಪು, ಇನ್ನೊಬ್ಬರಲ್ಲಿ ಹೆಸರೇ ಇಲ್ಲದ ಕಂಪನಿಯ ಡಬ್ಬಿ. ಎಲ್ಲದರಲ್ಲೂ ಅದು ಕೂತಿತು, ಎಲ್ಲದರಲ್ಲೂ ಹಾಡಿತು. ಒಂದು ಪ್ರತಿ ಗದಗದ ಬಸ್ಸು ಹತ್ತಿ ಊರಿಗೂ ಹೋಯಿತು. ಎಲೆ-ಅಡಿಕೆ ಸಂಚಿಯಲ್ಲಿ ಹಿಡಿಯಲಿಲ್ಲ, ರೊಟ್ಟಿಯ ಗಂಟಿನಲ್ಲಿ ಹೋಯಿತು.

ತಿಂಗಳೊಳಗೆ ಊರಿನಿಂದ ದೊಡ್ಡಪ್ಪನ ಮಗ ದೊಡ್ಡ ಕ್ಯಾಸೆಟ್ಟಿನಲ್ಲೇ ಮಾತು ಕಳಿಸಿದ. ಮಳಿ-ಬೆಳಿ, ಎತ್ತು-ಎಮ್ಮೆ ಎಲ್ಲ ಹೇಳಿ, ಕಡೆಗೆ ಗಂಟಲು ಸರಿಪಡಿಸಿಕೊಂಡು ಕೇಳಿದ್ದ: “ಅಲ್ಲೋ ಭರಮಾ, ಪದದಾಗ ಖೀರಪ್ಪ ಅಂತ ಬರ್ತೈತಿ, ಅಬ್ದುಲಗನಿ ಅಂತ ಬರ್ತೈತಿ. ಹಿರ್ಯಾರನ್ನ ಕೇಳಿದ್ರ ಅವ್ರಿಗೂ ಗೊತ್ತಿಲ್ಲ. ನಮ್ಮ ಮನೆತನದಾಗ ಇವ್ರು ಯಾವಾಗ ಹುಟ್ಟಿದ್ರು?”

ಕೆಲಸದಿಂದ ಬಂದು ಕೈಕಾಲಿನ ಸಿಮೆಂಟು ಸಹ ತೊಳೆಯದೆ ಭರಮಪ್ಪ ಉತ್ತರ ತುಂಬಲು ಅಬ್ದುಲಗನಿಯ ದೊಡ್ಡ ಟೇಪಿನ ಗುಂಡಿ ಒತ್ತಿದ. ಪಕ್ಕದಲ್ಲಿ ಹುಲಿಗೆವ್ವ ಎಡಗೈಯಿಂದ ತೊಟ್ಟಿಲ ಹಗ್ಗ ಜಗ್ಗುತ್ತಿದ್ದಳು.

“ಅಣ್ಣಾ, ಅವ್ರು ನಮ್ಮ ತೊಟ್ಟಿಲದಾಗ ಮಲಗಿದೋರಲ್ಲ, ಖರೇ. ನಮ್ಮ ಪದದಾಗ ಮಲಗಿದೋರು. ಅವ್ವ ಹ್ಞೂಂ ಅಂದಾಳ, ಅವ್ರನ್ನ ಯಾರೂ ಎಬ್ಬಿಸಬ್ಯಾಡ್ರಿ. ಊರಾಗೂ ಯಾರರ ಇದ್ರ ಕೂಡಿಸಿ ಕಳಸು. ಈ ಕ್ಯಾಸೆಟ್ಟಿನ್ಯಾಗ ಜಾಗಾ ಭಾಳ ಐತಿ.”